ಹತ್ತು ವೋಲ್ಟು

ಹೊಸ ಬಲ್ಬು ಹಾಕಿಸಿ ತಿಂಗಳಾಯಿತು,
ಬೆಳಕು ಮಾತ್ರ ಅದೇ ತಿಳಿಗಂಜಿ.
ಮುವಟೇರ ಮೀಟರಿನ ಮುಳ್ಳು ಚುಚ್ಚಿ ನೋಡಿದ:
"ಬ್ಯಾಟರಿಯಲ್ಲಿ ಹನ್ನೆರಡೂವರೆ, ದೀಪದಲ್ಲಿ ಹತ್ತು.
ನಡುದಾರಿಯಲ್ಲಿ ಯಾರೋ ತಿನ್ನುತ್ತಿದ್ದಾರೆ, ಅಕ್ಕಾ."

ಯಾರೋ ಅಂದರೆ ತಂತಿ. ನೂಲಿನಷ್ಟು ಸಣ್ಣದು,
ಇಪ್ಪತ್ತು ವರ್ಷ ಸ್ವಿಚ್ಚಿನ ತನಕ ಹೋಗಿ
ಸುಸ್ತಾಗಿ ವಾಪಸು ಬರುತ್ತಿದ್ದದ್ದು.

ಒಕಕರಾರದ ಪೆಟ್ರೋಲ್ ಬಂಕಿನ ಹಿಂದೆ
ಸೊಟ್ಟ ಬಾನೆಟ್ಟು ಎತ್ತಿ, ಕೋಲು ಕೊಟ್ಟು,
ಬ್ಯಾಟರಿಯಿಂದಲೇ ಎಳೆದ ದಪ್ಪನೆಯ ಕೆಂಪು ತಂತಿ;
ಒಂದು ಫ್ಯೂಸು, ಬೆಂಕಿಪೆಟ್ಟಿಗೆಯಷ್ಟು ರಿಲೇ.
"ಇನ್ನು ಹಳೇ ಸ್ವಿಚ್ಚು ಹೊರುವುದು ಬೇಡ,
ಹೇಳಿದರೆ ಸಾಕು."
ಟಕ್ ಅಂದಿತು.
ಗೋಡೆಯೆಲ್ಲ ಬಿಳಿ. ಅವನ ನಾಯಿ ಎದ್ದು ಆಚೆ ಹೋಯಿತು.

ರಾತ್ರಿ, ಜಲ್ಲಿ ರಸ್ತೆ, ಹಿಂದೆ ಹದಿನಾಲ್ಕು ಆಡು.
ದೂರದಲ್ಲಿ ಎರಡು ಹಸಿರು ಕಿಡಿ, ಮತ್ತೆರಡು:
ಕುಡು ಜಿಂಕೆ.
ಬ್ರೇಕು ಒತ್ತಲು ಹೊತ್ತಿತ್ತು,
ಕೊಂಬಿನ ಸುರುಳಿ ಎಣಿಸಲೂ ಇತ್ತು.

ಅವು ದಾಟಿದವು. ನಾನು ಹೊರಡಲಿಲ್ಲ.
ಹೋದ ವರ್ಷ ಇದೇ ತಿರುವು, ಇದೇ ಗಾಡಿ,
ನನ್ನ ತಮ್ಮನಿಗೆ ಹತ್ತೇ ವೋಲ್ಟು.

ಎಷ್ಟು ಸಲ ಹಾದುಹೋಗಿದ್ದೇನೆ ಇಲ್ಲಿ;
ಇವತ್ತು ಕಂಡಿತು
ಜಾಲಿಯ ತೊಗಟೆಯ ಗಾಯ,
ಅಂಟು ಸುರಿದು, ಒಣಗಿದ್ದು.