ತೂತಿನ ಇಲಾಖೆ

ಗೀಲಾಂಗಿನ ಜುಲೈ. ಕಿಟಕಿಯಾಚೆ ಹುಲ್ಲೆಲ್ಲ
ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ.
ಒಳಗೆ ನಿಜಕ್ಕೂ ಚೆಲ್ಲಿದೆ.
ಸ್ಟೂಲಿನ ಮೇಲೆ ಸುರಗಿ, ಮೂರೂಮುಕ್ಕಾಲು ವರ್ಷ,
ನನ್ನ ಹಳೇ ಅಂಗಿಯೇ ಅವಳ ಏಪ್ರನ್.

ಸಬ್ಬಸಿಗೆ ಬಿಡಿಸು ಅಂದರೆ
ಕಡ್ಡಿ ಪಾತ್ರೆಗೆ, ಎಲೆ ಕಸಕ್ಕೆ.
ಈರುಳ್ಳಿ ನನ್ನ ಪಾಲು. ಅತ್ತದ್ದೂ ನಾನೇ.
"ಯಾರು ಬೈದ್ರು ನಿಂಗೆ?"
ಹಿಟ್ಟಿನ ಕೈಯಲ್ಲೇ ಕೆನ್ನೆ ಒರೆಸಿ
ನನ್ನನ್ನೂ ಒಂದು ರೊಟ್ಟಿ ಮಾಡಿದಳು.

ಬಾಣಲೆ ತಣ್ಣಗಿರುವಾಗಲೇ ತಟ್ಟಬೇಕು.
ನನ್ನದು ದುಂಡಗೆ. ಅವಳದು
ಟಾಸ್ಮೇನಿಯಾ, ಇಲ್ಲವೇ ಮೊಲ; ಕೇಳಬಾರದು.
ನಡುನಡುವೆ ತೂತು, ಎಣ್ಣೆ ಇಳಿಯಲು.
ಅದು ಪೂರ್ತಿ ಅವಳ ಇಲಾಖೆ.
ಕಿರುಬೆರಳು ಊರಿ ಊರಿ ಎಣಿಸುತ್ತಾಳೆ:
ನಾಕು, ಐದು, ಆರು, ಎಂಟು.
ಏಳು ಯಾವತ್ತೂ ಬರುವುದಿಲ್ಲ.
ತಿದ್ದಬೇಕು, ಗೊತ್ತು.
ನಾಳೆ ತಿದ್ದಿದರಾಯಿತು.

ಅಷ್ಟರಲ್ಲಿ ಹೊಗೆಯ ಅಲಾರಂ ಬಾಯಿಬಡಿದುಕೊಂಡಿತು.
ಟವೆಲ್ ಬೀಸಿ ಬೀಸಿ ನಕ್ಕಳು ಅವಳು,
ನಾನು ಸೀದದ್ದನ್ನು ಕೆರೆದೆ.
ಮೊಲದ ಕಿವಿಗೆ ಬೆಣ್ಣೆ, ಬೆಣ್ಣೆಯ ಮೇಲೆ
ವೆಜಿಮೈಟ್ ಬೇಕಂತೆ. ಆಗಲಿ ಮಾರಾಯ್ತಿ.

ಎಂಟು ದಾಟಿದ ಮೇಲೆ ಬಾಗಿಲ ಸದ್ದು.
ರಾತ್ರಿಪಾಳಿ ಮುಗಿಸಿದ ಅವಳಮ್ಮ,
ಮೈತುಂಬ ಆಸ್ಪತ್ರೆಯ ಸೋಪಿನ ವಾಸನೆ.
ಬೂಟು ಬಿಚ್ಚುವ ಮೊದಲೇ ಮುಂದೆ ತಟ್ಟೆ:
"ನೋಡು, ಎಷ್ಟಿದೆ ಹೇಳು!"
ರೊಟ್ಟಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು
ನಿಂತಲ್ಲೇ ತೂಕಡಿಸುತ್ತ
ಎಣಿಸಿದಳು ಆಕೆ, ನಿಧಾನಕ್ಕೆ,
ಐದು, ಆರು,
ಎಂಟು.