ಮೊದಲು ತುಂಬಿದ್ದು

ಗುಜರಿ ಖಾಜೇಸಾಬನ ಗೋಣಿಚೀಲದಾಗ
ಸತ್ತ ಲ್ಯಾಪ್‌ಟಾಪುಗಳ ಹೊಟ್ಟೆ ಬಗೆದು ತೆಗೆದ ಸೆಲ್ಲು,
ಕಿಲೋ ಲೆಕ್ಕದಾಗ.
ನೀಲಿ ಅಂಗಿಯವು, ಗುಲಾಬಿ ಅಂಗಿಯವು, ಅಂಗಿ ಹರಿದವು.
ಮೀಟರ ಮುಟ್ಟಿಸಿದರೆ ಕೆಲವು ಇನ್ನೂ ಎಚ್ಚರ,
ಕೆಲವು ಮಣ್ಣು.
ವೋಲ್ಟು ಸರಿ ಇದ್ದ ಆರು ಆರಿಸಿ, ಎರಡೆರಡು ಕೂಡಿಸಿ
ಮೂರು ಜೋಡಿ ಸಾಲಿಗೆ ನಿಲ್ಲಿಸಿದೆ.

ಸಕ್ರೆವ್ವನಿಗೆ ಬೇಕಾದದ್ದು ಇಷ್ಟೇ:
ಗುಳೇದಗುಡ್ಡದಾಗ ಕರೆಂಟು ಹೋದ ಮ್ಯಾಲೂ
ನಾಲ್ಕು ತಾಸು, ಕುಣಿಮಗ್ಗದ ಮ್ಯಾಲೊಂದು ಬೆಳಕು.
"ಮೋಂಬತ್ತಿಯಾಗ ಕೆಂಪು ಯಾವುದು, ದಾಳಿಂಬ್ರ ಬಣ್ಣ ಯಾವುದು
ತಿಳಿಯೂದಿಲ್ಲೋ ತಮ್ಮಾ.
ಹೋದ ವಾರ ಒಂದು ಖಣ ಪೂರಾ ತಪ್ಪು ನೇಯ್ದೆ.
ಸಾವಕಾರ ತಗೊಳಲಿಲ್ಲ, ನಾನೇ ಕುಬಸ ಹೊಲಸಿದೆ."
ತೋಳು ಚಾಚಿ ತೋರಿಸಿದಳು.
ಛಲೋನೇ ಇತ್ತು.

ಪುಣೆಯಿಂದ ಬರೋ ಬೋರ್ಡಿಗೆ ಆರುನೂರು ಅಂದರು.
ಅದಕ್ಕ ಹಳೇ ಟೀವಿಗಳ ಮ್ಯಾಲೆ ಕಾವಿಟ್ಟು
ಟ್ರಾನ್ಸಿಸ್ಟರು ಕಿತ್ತೆ, ಬಿಳಿ ಸಿಮೆಂಟಿನ ರೆಸಿಸ್ಟರು ಕಿತ್ತೆ.
ಮೂರು ಕಾಲಿನ ಸಣ್ಣ ಕಾವಲುಗಾರನ್ನಷ್ಟೇ
ಬಾಗಲಕೋಟಿಯಿಂದ ತರಿಸಿದೆ, ಒಂದಕ್ಕೆ ನಾಲ್ಕು ರೂಪಾಯಿ.
ಅವನ ಕೆಲಸ ಒಂದೇ:
ನಾಲ್ಕು ಪಾಯಿಂಟ್ ಎರಡು ವೋಲ್ಟಿಗೆ "ಸಾಕು" ಅನ್ನೂದು.
ಸಾಕು ಅಂದ ಕೂಡಲೇ ಪಕ್ಕದ ದಾರಿ ತೆರೀತೈತಿ,
ಮಿಕ್ಕ ಕರೆಂಟು ಆ ಬಿಳಿ ಇಟ್ಟಂಗಿಯೊಳಗ ಇಳಿದು
ಬರೇ ಬಿಸಿ ಆಗಿ ಹೋಗತೈತಿ.
ಒಂದು ಕೆಂಪು ದೀಪ ಹತ್ತಿ ಹೇಳತೈತಿ:
ನಂದು ತುಂಬಿತು,
ಉಳಿದವರದು ಆಗಲಿ, ಕೂತಿರತೀನಿ.

ಮೊದಲ ರಾತ್ರಿ ಚಾರ್ಜಿಗೆ ಹಚ್ಚಿ ಅಂಗಡಿಯಾಗೇ ಮಲಗಿದೆ.
ಲಿಥಿಯಮ್ಮನ್ನ ನಂಬಬಾರದು; ತಲಿದಿಂಬಿನ ಹತ್ತಿರ ಮರಳಿನ ಬಕೀಟು.
ಎರಡೂವರಿಗೆ ನಡುವಿನ ಜೋಡಿಯ ದೀಪ ಹತ್ತಿತು.
ಆಚೆ ಈಚೆಯವು ಇನ್ನೂ ಮೂರು ಪಾಯಿಂಟ್ ಒಂಬತ್ತರಾಗ ತೆವಳತಿದ್ದವು.
"ಭಲೇ ಮಗನ" ಅಂದೆ ನಡುವಿನವನಿಗೆ, ನಿದ್ದಿಗಣ್ಣಾಗ.
ರೆಸಿಸ್ಟರು ಸವರಿದೆ.
ಬೆರಳ ತುದಿಗೆ ಗುಳ್ಳೆ ಎದ್ದಿತು.

ಮರುದಿನ ಮಗ್ಗದ ಮನೀಗೆ ಒಯ್ದು ತೂಗಹಾಕಿದೆ.
ನಾಲ್ಕು ತಾಸು ಅಂದದ್ದು ಎರಡಕ್ಕೇ ಮಂಕಾಗಿ ಗಪ್ಪಾತು.
ಮೀಟರ ಹಿಡಿದೆ. ಒಂದನೇದು ಮೂರು ಪಾಯಿಂಟ್ ಆರು.
ಮೂರನೇದೂ ಅಷ್ಟೇ.
ನಡುವಿನದು ಎರಡು ಪಾಯಿಂಟ್ ಎಂಟು.

ಮೊದಲು ತುಂಬಿದ್ದೇ ಮೊದಲು ಬರಿದಾಗಿತ್ತು.
ವೋಲ್ಟು ಅಳೆದಿದ್ದೆ, ಹೊಟ್ಟಿ ಅಳೆದಿರಲಿಲ್ಲ.
ಕೊಡ ಅಂತ ಭಲೇ ಅಂದದ್ದು ತಂಬಿಗಿಗೆ.

ಕುಣಿಯ ಅಂಚಿಗೆ ಕೂತಲ್ಲೇ
ಏಳನೇ ಇಯತ್ತೆ ಯಾಕೋ ನೆನಪಾತು:
ಲೆಕ್ಕ ಎಲ್ಲರಕಿಂತ ಮೊದಲು ಮುಗಿಸಿ
ನೋಟಬುಕ್ಕು ಬೋರಲು ಹಾಕಿ ಕೈ ಕಟ್ಟಿ ಕೂತವ ನಾನು.
ಗಂಟಿ ಹೊಡೆದರೂ ಬರೀತಿದ್ದ ಮುರಿಗೆಪ್ಪ,
ನಾಲಿಗೆ ಹೊರಗ ಚಾಚಿ, ಅಳಿಸಿ, ಮತ್ತ ಬರೆದು.
ಈಗ ಹುನಗುಂದದಾಗ ಹೈಸ್ಕೂಲಿಗೆ ಲೆಕ್ಕ ಕಲಿಸ್ತಾನ.

"ಕೆಟ್ಟಿತೇನೋ?"
ಕೆಟ್ಟಿಲ್ಲವ್ವಾ. ಒಂದು ಜೋಡಿ ಸಣ್ಣದೈತಿ, ಬದಲಿ ಮಾಡತೀನಿ.
"ಮತ್ತ ಅದನ್ನ ಏನ ಮಾಡ್ತಿ?"
ಗುಜರಿಗೆ ಹಾಕೂದು.
"ಕೊಡಿಲ್ಲಿ. ಎರಡು ತಾಸರ ಉರೀತೈತಲ್ಲ,
ಬಚ್ಚಲಕ್ಕ ರಗಡಾತು."

ಆ ರಾತ್ರಿ ಬೇರೆ ಜೋಡಿ ಕೂಡಿಸಿ ಮತ್ತ ಚಾರ್ಜಿಗೆ ಹಚ್ಚಿದೆ.
ಯಾವುದು ಮೊದಲು ಹತ್ತಿತೋ ನೋಡಲಿಲ್ಲ.
ಕಡೇದು ಹತ್ತೂ ತನಕ ಎಚ್ಚರಿದ್ದೆ.
ಹತ್ತಿದ್ದು ಆರೂ ಹತ್ತಕ್ಕ,
ಹಾಲಿನವ ಬಂದು ಹೋದ ಮ್ಯಾಲೆ.