ತೂಕದವರ ಬಂದ್

ನಿಯಮದ ಪ್ರಕಾರ ಮೂರು ತಿಂಗಳಿಗೊಮ್ಮೆ ಊದಬೇಕು:
ಒಂದು ನಳಿಗೆ, ಒಂದು ಮುಳ್ಳು, ಮೂರು ಸಲ.
ಪುಣೆಯ ಗುಲ್ಟೇಕಡಿ, ಮೆಣಸಿನಕಾಯಿ ಗೋದಾಮು,
ತೊಟ್ಟು ಮುರಿಯುವ ನೂರಾ ಅರವತ್ತು ಹೆಂಗಸರ
ಎದೆಯೊಳಗಿನ ಗಾಳಿಯ ಲೆಕ್ಕ, ಐದು ವರ್ಷ.

ನನ್ನ ಹಾಳೆಯ ಮೇಲೆ ಕಾಲ ನೆಟ್ಟಗೆ ನಡೆಯುತ್ತದೆ,
ತೊಂಬತ್ತು, ನೂರಾ ಎಂಬತ್ತು, ಇನ್ನೂರ ಎಪ್ಪತ್ತು.
ಭೌರವ್ವ ಬಂದದ್ದು
ಹನ್ನೊಂದನೆಯ ದಿನ, ಹದಿನಾಲ್ಕನೆಯ ದಿನ,
ಆಮೇಲೆ ಇನ್ನೂರ ಏಳು ದಿನ ಪತ್ತೆಯಿಲ್ಲ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ:
ಹತ್ತಿರದ ಮನೆಗೆ ಅವಳನ್ನು ತಳ್ಳಿದೆ,
ಖಾಲಿ ಮನೆಗಳಿಗೆ ಹಳೆಯ ಅಂಕಿಯನ್ನೇ ಎಳೆದು ತುಂಬಿದೆ.
ಗೆರೆ ಚೆಂದ ಬಂತು,
ಕೆಳಕ್ಕೆ, ಕೆಳಕ್ಕೆ, ಬಾವಿಯ ಮೆಟ್ಟಿಲಿನ ಹಾಗೆ.
ಇಷ್ಟು ಹೊತ್ತಿಗೆ ಅವಳು ಹಾಸಿಗೆ ಹಿಡಿದಿರಬೇಕು.
ವೈಜಯಂತಿ ಢಮಢೇರೆ ಫೋನಿನಲ್ಲಿ ನಕ್ಕಳು:
ನಿನ್ನೆ ತಾನೇ ಚೀಲದ ಮೇಲೆ ನಿಂತು
ಕೂಲಿಗಾಗಿ ದಲಾಲನ ಜೊತೆ ಜಗಳಾಡುತ್ತಿದ್ದಳು.

ಅಕ್ಕಲಕೋಟೆ ಕಡೆಯವಳು. ನನ್ನ ಕನ್ನಡ ಕೇಳಿ
ಸೆರಗಿನ ಖಾರ ಕೊಡವಿ ಹೇಳಿದಳು:
"ಉಸರು ಇದ್ದಾಗ ಕೆಲಸಕ್ಕ ಹೋಗತೀನ್ರಿ ಬಾಯಾರ.
ದಮ್ಮ ಹತ್ತಿದಾಗ ನಿಮ್ಮ ಕಡೆ ಬರತೀನಿ.
ಊದಿದ್ದಕ್ಕ ಪಗಾರ ಕೊಡತೀರೇನು?"

ಹಾಗಾದರೆ ಈ ಹಾಳೆಯಲ್ಲಿರುವುದು ಅವಳ ಎದೆಯಲ್ಲ,
ಅವಳ ಕೆಟ್ಟ ದಿನಗಳು ಮಾತ್ರ.
ಬಾಗಿಲು ತಟ್ಟಿದ್ದೇ ಒಂದು ಅಳತೆ,
ತಟ್ಟದೆ ಇದ್ದದ್ದು ಇನ್ನೊಂದು;
ಬರೆದುಕೊಳ್ಳಲು ಕಾಲಮ್ಮೇ ಇರಲಿಲ್ಲ.

ಯಾರು ಯಾವಾಗ ಬರುತ್ತಾರೆ, ಅದಕ್ಕೂ ಒಂದು ಸಮೀಕರಣ ಬರೆದೆ.
ಕೆಮ್ಮಿದ್ದರೆ ಬೇಗ.
ಹೊಸ ಕಾಯಿ ಇಳಿಯುವ ಮಾಘದಲ್ಲಿ ಇಲ್ಲವೇ ಇಲ್ಲ.
ಬರುವ ಸಂಭವ ಹೆಚ್ಚಿದ್ದ ದಿನದ ಅಂಕಿಗೆ ತೂಕ ಕಡಿಮೆ,
ಬಾರದವಳು ಬಂದ ದಿನಕ್ಕೆ ಹೆಚ್ಚು,
ಕಾಣದೆ ಹೋದ ಅಂಥವೇ ದಿನಗಳ ಪರವಾಗಿ
ಅದೊಂದೇ ಮಾತಾಡಬೇಕಲ್ಲ.
ಲೆಕ್ಕ ಸರಿ. ಆದರೆ ಭೌರವ್ವನ ಪಾಲಿಗೆ
ಅಂಥ ದಿನ ಒಂದೂ ಇರಲಿಲ್ಲ.
ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ.

ಫೆಬ್ರವರಿಯ ಒಂದು ಮಂಗಳವಾರ ಬಂದಳು,
ಕೆಮ್ಮಿಲ್ಲ, ಕಿವಿಯಲ್ಲಿ ಹೊಸ ಬುಗುಡಿ.
ಇವತ್ತು ಯಾಕೆ? ಎಂದೆ.
"ತೂಕದವರು ಬಂದ್ ಮಾಡ್ಯಾರ್ರಿ. ಕಾಟಾ ಎಲ್ಲಾ ನಿಂತಾವ.
ಸುಮ್ಮ ಕುಂತು ಏನ ಮಾಡ್ಲಿ?"
ನಳಿಗೆ ಕಸಿದುಕೊಂಡು ಊದಿದಳು. ಮುನ್ನೂರ ನಲವತ್ತು.
ಇನ್ನೊಮ್ಮೆ. ಮುನ್ನೂರ ಐವತ್ತೈದು.
ವೈಜಯಂತಿ ಪೆನ್ನು ಹುಡುಕುತ್ತಿದ್ದಳು.

ಬಾವಿಯ ಮೆಟ್ಟಿಲುಗಳಿಂದ ಬಹಳ ಮೇಲೆ, ಒಂಟಿ ಚುಕ್ಕಿ.
ಮಾರ್ಕೆಟ್ ಯಾರ್ಡಿನಲ್ಲಿ ಆ ದಿನ ಒಂದು ತಕ್ಕಡಿಯೂ ಏಳಲಿಲ್ಲ.
ನಾನು ತೂಗಿದೆ:
ಆರೂವರೆ.